ಊರಿದ ಕಾಲು

ತಕ್ರಾ ಆಟದಲ್ಲಿ ಎಲ್ಲರೂ ಗಾಳಿಗೆ ಎದ್ದ ಕಾಲನ್ನೇ ನೋಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ, ನೋಡಲು ಚೆಂದ ಇರುವುದೂ ಅದೇ. ತಲೆಯೆತ್ತರಕ್ಕೆ ಹೋಗಿ ಬೆತ್ತದ ಚೆಂಡನ್ನು ಬಲೆಯ ಆಚೆಗೆ ಒದೆಯುವ ಕಾಲು ಕಣ್ಣೆದುರಿಗಿರುವಾಗ, ನೆಲಕ್ಕೆ ಅಂಟಿ ಸುಮ್ಮನೆ ನಿಂತ ಇನ್ನೊಂದು ಕಾಲನ್ನು ಯಾರು ಕೇಳುತ್ತಾರೆ? ಮದುವೆಗೆ ಮುಂಚಿನಿಂದ ಆಡುತ್ತ ಬಂದ ನಾನೇ ಕೇಳಿರಲಿಲ್ಲ. ವಿಯಾಳ ಕಾಲು ನಡುಗಲು ಶುರುವಾದ ಮೇಲೆಯೇ ನನಗೆ ಆ ಕಡೆ ಕಣ್ಣು ಹೋದದ್ದು.

ನಾನು ಕಲ್ಸೋಮ್. ಊರಿನ ಹೆಂಗಸರಿಗೆಲ್ಲ ಸೋಮ್ ಅಕ್ಕ. ಜೆರಾಯ್ ಬೆಟ್ಟದ ಕೆಳಗೆ, ಗದ್ದೆ ಕಾಲುವೆಯ ಸೇತುವೆ ಪಕ್ಕದಲ್ಲಿ ನನ್ನ ಲಕ್ಸಾ ಅಂಗಡಿ. ಬೆಳಿಗ್ಗೆ ಮೀನಿನ ಸಾರು ಕುದಿಸಿ, ಅಕ್ಕಿ ಶ್ಯಾವಿಗೆಯ ಮೇಲೆ ಸುರಿದು ಕೊಡುತ್ತೇನೆ. ಮಧ್ಯಾಹ್ನಕ್ಕೆಲ್ಲ ಪಾತ್ರೆ ಬರಿದು. ಇಳಿಹೊತ್ತಿನ ಅಸರ್ ನಮಾಜು ಮುಗಿಸಿ, ತಲೆವಸ್ತ್ರ ಬಿಗಿಮಾಡಿಕೊಂಡು, ಅಕ್ಕಿ ಗಿರಣಿಯ ಹಿಂದಿನ ಅಂಗಳಕ್ಕೆ ಹೋಗುತ್ತೇನೆ. ಅಲ್ಲಿ ನಾವು ಮೂವರು. ನಾನು ಚೆಂಡು ಎಸೆಯುವವಳು, ತಂಡದ ನಾಯಕಿ ಅಂತ ಹೆಸರಿಗೆ. ಬಲೆಯ ಹತ್ತಿರ ಹಾರಿ ಹೊಡೆಯುವವಳು ಮುರ್ನಿ. ಅವಳ ಕಾಲಿಗಿಂತ ಬಾಯಿ ಜೋರು. ಹಿಂದೆ ನಿಲ್ಲುವವಳು ವಿಯಾ, ನಮ್ಮ ತೆಕೊಂಗ್. ಆಟ ಶುರುಮಾಡುವ ಕೆಲಸ ತೆಕೊಂಗ್‌ದು. ನೆಲದಲ್ಲಿ ಗೀಚಿದ ಪುಟ್ಟ ವೃತ್ತದೊಳಗೆ ಒಂದು ಕಾಲು ಊರಿ, ನಾನು ಎಸೆದ ಚೆಂಡನ್ನು ಇನ್ನೊಂದು ಕಾಲಿನಿಂದ ಒದೆಯಬೇಕು. ಒದೆಯುವ ತನಕ ಊರಿದ ಕಾಲು ನೆಲ ಬಿಡಬಾರದು, ಗೆರೆ ತುಳಿಯಬಾರದು. ಬಿಟ್ಟರೆ ಪಾಯಿಂಟ್ ಎದುರಿನವರಿಗೆ.

ವಿಯಾ ಶಾಲೆಯಲ್ಲಿದ್ದಾಗಿನಿಂದ ಆ ವೃತ್ತದಲ್ಲಿ ನಿಂತವಳು. ಈಗ ಪೇಟೆಯ ದರ್ಜಿ ಅಂಗಡಿಯಲ್ಲಿ ಮಕ್ಕಳ ಸಮವಸ್ತ್ರ ಹೊಲಿಯುತ್ತಾಳೆ. ಅಂಗಡಿಯಲ್ಲಿ ಯಜಮಾನನ ಮಾತು, ಮನೆಯಲ್ಲಿ ಅತ್ತೆಯ ಮಾತು, ಮಗು ಹುಟ್ಟಿದ ಮೇಲೆ ಮಗುವಿನ ಮಾತು. ಒಮ್ಮೆ ಅವಳೇ ನನ್ನ ಹತ್ತಿರ ಹೇಳಿದ್ದಳು: "ಅಕ್ಕಾ, ಅದೊಂದು ಜಾಗದಲ್ಲಿ ಮಾತ್ರ ನಾನು ತಲೆ ಆಡಿಸೋ ತನಕ ಯಾರೂ ಏನೂ ಮಾಡೋ ಹಾಗಿಲ್ಲ. ನೀನೂ ಚೆಂಡು ಹಿಡ್ಕೊಂಡು ಕಾಯ್ಬೇಕು." ಅದಕ್ಕೇ ಆ ಪುಟ್ಟ ವೃತ್ತ ಕೈತಪ್ಪುತ್ತದೆ ಎಂದಾಗ ಅವಳ ಜೀವ ಹೊಡೆದುಕೊಂಡಿತು.

ಹೆರಿಗೆ, ಬಾಣಂತನ ಎಲ್ಲ ಮುಗಿದು, ಮಗು ಎದ್ದು ಕೂರಲು ಕಲಿತ ಮೇಲೆ ಅವಳು ಅಂಗಳಕ್ಕೆ ವಾಪಸಾದಳು. ಅಲ್ಲಿಯ ತನಕ ಅವಳ ಜಾಗ ತುಂಬಿದವಳು ಸಫುರಾ, ಕಾಲೇಜಿಗೆ ಹೋಗುವ ಉದ್ದ ಕಾಲಿನ ಹುಡುಗಿ. ಒಳ್ಳೆಯವಳು, ಮರ್ಯಾದೆಯವಳು; ಬೈಯಲು ಒಂದು ನೆಪವನ್ನೂ ಕೊಡುತ್ತಿರಲಿಲ್ಲ. ವಿಯಾ ಬಂದ ದಿನ ತಾನಾಗಿಯೇ ವೃತ್ತ ಬಿಟ್ಟು ಪಕ್ಕದ ಬೆಂಚಿನಲ್ಲಿ ಕುಳಿತಳು.

ಮೊದಲ ಸಂಜೆ ವಿಯಾ ಒದ್ದದ್ದು ನೋಡಿ ನಾವೆಲ್ಲ ಬಾಯಿ ಕಳೆದೆವು. ಹೆತ್ತವಳು ಅಂತ ಯಾರೂ ಹೇಳುವಂತಿರಲಿಲ್ಲ. ಎರಡು ದಿನ ಕಳೆದು ಬಂದಾಗ ಅದೇ ವಿಯಾ ಬಿರುಗಾಳಿಗೆ ಸಿಕ್ಕ ಬಾಳೆಗಿಡವಾಗಿದ್ದಳು. ಒದೆಯುವ ಕಾಲು ಮೇಲೇಳುತ್ತಲೇ ಊರಿದ ಕಾಲು ಗಡಗಡ ನಡುಗಿ, ಹಿಮ್ಮಡಿ ಎದ್ದು, ಗೆರೆಯ ಮೇಲೆ ಬೀಳುತ್ತಿತ್ತು. ಆಮೇಲೆ ಮತ್ತೆ ಒಂದು ಸಂಜೆ ಸರಿ, ಮೂರು ಸಂಜೆ ಹಾಳು.

ತಲೆಗೊಂದು ಮಾತು ಬಂತು. "ಹೆತ್ತ ಮೇಲೆ ಧೈರ್ಯ ಇಳಿಯುತ್ತೆ ಅಕ್ಕ," ಅಂದಳು ಮುರ್ನಿ. "ನಮ್ಮ ಚಿಕ್ಕಮ್ಮ ಹೆತ್ತ ಮೇಲೆ ಸ್ಕೂಟರನ್ನೇ ಮುಟ್ಟಲಿಲ್ಲ, ನೋಡು." ವಿಯಾಳ ಗಂಡ ರುಸ್ದಿ ಬೂಟು ಹಳೆಯದಾಯಿತು ಎಂದು ಹೊಸ ಜೋಡಿ ತಂದುಕೊಟ್ಟ. ಅವಳ ಅತ್ತೆ ತೋಕ್ ನಾಬ್ ನಮ್ಮೂರಿನ ಸೂಲಗಿತ್ತಿ, ನನ್ನ ಮೂರು ಮಕ್ಕಳನ್ನೂ ಹಿಡಿದವಳು. ಕಾಲಿನೊಳಗೆ ಗಾಳಿ ಹೊಕ್ಕಿದೆ ಎಂದು ಅವಳು ಶುಂಠಿ ಎಣ್ಣೆ ಬಿಸಿಮಾಡಿ ಸೊಸೆಯ ಬಲಗಾಲನ್ನು ತಿಕ್ಕಿದಳು. ವಿಯಾ ತಾನೇ ಬಲಗಾಲಿಗೆ ಮರಳಿನ ಚೀಲ ಕಟ್ಟಿಕೊಂಡು ಮನೆಯ ಮೆಟ್ಟಿಲು ಹತ್ತಿಳಿದಳು. ಎಲ್ಲರ ಔಷಧಿಯೂ ಒದೆಯುವ ಬಲಗಾಲಿಗೇ.

ಒಂದು ಸಂಜೆ ಮೂರು ಸಲ ಗೆರೆ ತುಳಿದ ವಿಯಾ, "ಇಲ್ಲಿ ನೆಲ ಒಂದು ಕಡೆ ಇಳಿಜಾರಿದೆ," ಅಂದಳು.

"ಕುಣಿಯೋಕೆ ಬಾರದವಳು ನೆಲ ಡೊಂಕು ಅಂದಳಂತೆ," ಅಂದಳು ಮುರ್ನಿ.

ವಿಯಾಳ ಮುಖ ಸಣ್ಣದಾಯಿತು. ನಾನು ಮಾತ್ರ ಹೋಗಿ ನೆಲವನ್ನೇ ನೋಡಿದೆ. ನನ್ನದು ಮೊದಲಿನಿಂದಲೂ ಅದೇ ಚಾಳಿ; ಯಾರ ಮನೆಯಲ್ಲಿ ಏನು ಹೊತ್ತಿಕೊಂಡರೂ ಮುಚ್ಚಳ ತೆಗೆದು ನೋಡದಿದ್ದರೆ ನನಗೆ ನಿದ್ದೆ ಬರುವುದಿಲ್ಲ. ನೆಲ ಡೊಂಕಾಗಿರಲಿಲ್ಲ. ಆದರೆ ಅಂಗಳಕ್ಕೆ ನಾವು ಸಣ್ಣ ಮರಳು ಹರಡಿರುತ್ತೇವಲ್ಲ, ಆ ಮರಳಿನಲ್ಲಿ ವಿಯಾಳ ಎಡಗಾಲಿನ ಗುರುತು ಬೀಸಣಿಗೆಯ ಹಾಗೆ ಹರಡಿತ್ತು. ಪಕ್ಕದಲ್ಲೇ ಹಿಂದಿನ ದಿನ ಸಫುರಾ ನಿಂತ ಗುರುತು ಅಚ್ಚು ಒತ್ತಿದ ಹಾಗಿತ್ತು.

ಅವತ್ತಿನಿಂದ ಚೆಂಡು ಎತ್ತಿಕೊಳ್ಳುವ ನೆಪದಲ್ಲಿ ದಿನಾ ಮರಳು ನೋಡುವುದೇ ನನ್ನ ಕೆಲಸವಾಯಿತು. ವಾರ ಕಳೆಯುವುದರೊಳಗೆ ಒಂದು ಸೋಜಿಗ ಕಂಡಿತು. ಶುಕ್ರವಾರ, ಶನಿವಾರ, ಅಂದರೆ ನಮ್ಮ ಕಡೆಯ ವಾರದ ರಜೆಯ ದಿನ, ಗುರುತು ಅಚ್ಚುಕಟ್ಟು. ಕೆಲಸದ ದಿನ ಬೀಸಣಿಗೆ. ದಣಿವು ಅಂತ ಯಾರಾದರೂ ಹೇಳುತ್ತಾರೆ, ನಾನೂ ಹಾಗೇ ಅಂದುಕೊಂಡೆ. ಆದರೆ ಒಂದು ಸೋಮವಾರ ದರ್ಜಿ ಅಂಗಡಿ ಮುಚ್ಚಿತ್ತು, ಅವಳು ತವರಿಗೆ ಹೋಗಿ ಮಧ್ಯಾಹ್ನವೆಲ್ಲ ಮಲಗಿದ್ದು ಅಲ್ಲಿಂದಲೇ ಬಂದಳು. ಅವತ್ತೂ ಬೀಸಣಿಗೆಯೇ. ದಣಿವಿನ ಮಾತು ಅಲ್ಲಿಗೆ ಮುಗಿಯಿತು.

ಇನ್ನೂ ಎರಡು ಸಂಗತಿ ಕಣ್ಣಿಗೆ ಬಿದ್ದವು. ಗುರುತು ಚೆನ್ನಾಗಿರುವ ದಿನ ಅವಳು ಚೆಂಡು ಎತ್ತಲು ಬಗ್ಗುತ್ತಿರಲಿಲ್ಲ, ಗೂಟ ನುಂಗಿದವಳ ಹಾಗೆ ನೆಟ್ಟಗೆ ಕುಕ್ಕರಿಸುತ್ತಿದ್ದಳು. ಮತ್ತೆ, ಆ ದಿನಗಳಲ್ಲಿ ನನ್ನ ಲಕ್ಸಾ ಅರ್ಧ ಬಟ್ಟಲಿಗೇ ಸಾಕು ಅನ್ನುತ್ತಿದ್ದಳು. ನನ್ನ ಲಕ್ಸಾವನ್ನು ಅರ್ಧಕ್ಕೆ ಬಿಡುವವರು ಈ ಊರಿನಲ್ಲಿ ಯಾರೂ ಇಲ್ಲ. ನನಗೆ ಸಿಟ್ಟೂ ಬಂತು, ಕುತೂಹಲವೂ ಬಂತು.

ಗುಟ್ಟು ಒಂದು ಶನಿವಾರ ತಾನಾಗಿಯೇ ಹೊರಬಿತ್ತು. ಮುರ್ನಿ ನಲ್ಲಿಯ ಹತ್ತಿರ ಮುಖ ತೊಳೆಯುತ್ತಿದ್ದಳು. ವಿಯಾ ಎತ್ತರದ ಚೆಂಡೊಂದಕ್ಕೆ ಹಾರಿ ಇಳಿದಳು. ಅವಳ ಜೆರ್ಸಿಯ ಕೆಳಗಿಂದ ಗೇಣುದ್ದ ಬಾತಿಕ್ ಬಟ್ಟೆ ಇಳಿಬಿತ್ತು.

"ವಿಯಾ, ನಿನಗೆ ಬಾಲ ಬಂದಿದೆ," ಅಂದು ಹಿಡಿದು ಎಳೆದೆ. ಬಂತು. ಇನ್ನೂ ಎಳೆದೆ, ಇನ್ನೂ ಬಂತು.

"ಬಿಡಕ್ಕಾ, ಬಿಡು, ಪೂರ್ತಿ ಬಿಚ್ಚುತ್ತೆ," ಎಂದು ಅವಳು ಹೊಟ್ಟೆ ಹಿಡಿದುಕೊಂಡು ಗಿರಣಿಯ ಗೋಡೆಯ ಹಿಂದೆ ಓಡಿದಳು. ಬಟ್ಟೆಯ ತುದಿ ಹಿಡಿದು ನಾನೂ ಹಿಂದೆಯೇ ಓಡಿದೆ.

ಅದು ಬೆಂಗ್‌ಕುಂಗ್. ಹೆತ್ತ ಹೆಂಗಸಿಗೆ ತೊಡೆಯ ಮೇಲಿನಿಂದ ಎದೆಯ ಕೆಳಗಿನ ತನಕ ಸುತ್ತು ಮೇಲೆ ಸುತ್ತು ಬಿಗಿದು ಕಟ್ಟುವ ಬಟ್ಟೆ. ಬಾಣಂತನ ಮುಗಿದ ದಿನ ಬಿಚ್ಚಿ, ಒಗೆದು, ಪೆಟ್ಟಿಗೆಗೆ ಹಾಕುತ್ತಾರೆ. ಇವಳ ಮಗುವಿಗೆ ಆಗಲೇ ಹಲ್ಲು ಬಂದಿತ್ತು.

"ಮಗ ಕಚ್ಚೋಕೆ ಕಲಿತಾಯ್ತು, ನೀನಿನ್ನೂ ಬಾಣಂತೀನಾ?" ಅಂದೆ.

ವಿಯಾ ಗೋಡೆಗೆ ಒರಗಿ ನಿಂತಳು. "ನಗಬೇಡಕ್ಕ. ಬಿಚ್ಚಿದ ದಿನ ಹೇಗಿತ್ತು ಗೊತ್ತಾ? ಮೇಲೆ ನಾನಿದ್ದೆ, ಕೆಳಗೆ ಕಾಲಿದ್ವು. ನಡುವೆ ಯಾರೂ ಇರಲಿಲ್ಲ."

ನಾನು ನಗಲಿಲ್ಲ. ಆ ಖಾಲಿತನ ನನಗೂ ಗೊತ್ತು. ಮೂರು ಸಲ ಗೊತ್ತು.

"ಅತ್ತೆಗೆ ಗೊತ್ತಾ?"

"ಇಲ್ಲ. ಅವರು ಒಳಗೆ ನಮಾಜಿಗೆ ಕೂತಾಗ ಒಂದು ತುದೀನ ಮನೆ ಕಂಬಕ್ಕೆ ಕಟ್ಟಿ, ಗಿರಗಿರ ತಿರುಗಿ ನಾನೇ ಸುತ್ಕೊಳ್ತೀನಿ. ಹೊಲಿಗೆ ಮೆಷಿನ್ ಮುಂದೆ ಕಟ್ಕೊಂಡು ಕೂರೋಕಾಗಲ್ಲ, ಉಸಿರು ಕಟ್ಟುತ್ತೆ. ಅದಕ್ಕೆ ಕೆಲಸದ ದಿನ ಇಲ್ಲ. ತವರಿಗೆ ಹೋದಾಗ ಅಮ್ಮ ನೋಡ್ತಾಳೆ ಅಂತ ಇಲ್ಲ."

ನನ್ನ ತಲೆಯೊಳಗೆ ಎಲ್ಲ ಗುರುತುಗಳೂ ಸಾಲಾಗಿ ನಿಂತವು. ನಡುಗುತ್ತಿದ್ದದ್ದು ಕಾಲಾದರೂ ನಡುಕ ಕಾಲಿನದಾಗಿರಲಿಲ್ಲ. ಒಂದು ಕಾಲು ಮೇಲೆ ಹೋದಾಗ ಇನ್ನೊಂದನ್ನು ಹಿಡಿದು ನಿಲ್ಲಿಸಬೇಕಾದದ್ದು ಟೊಂಕ. ಆ ಕೆಲಸವನ್ನು ಅವಳಲ್ಲಿ ಬಟ್ಟೆ ಮಾಡುತ್ತಿತ್ತು. ನಾನು ಅವಳ ಹೊಕ್ಕುಳ ಕೆಳಗೆ ಅಂಗೈ ಇಟ್ಟು, "ಕಾಲು ಎತ್ತು," ಅಂದೆ. ಎತ್ತಿದಳು. ಬಟ್ಟೆ ಗಟ್ಟಿಯಾಗಿತ್ತು, ಒಳಗಿನ ಹೊಟ್ಟೆ ನಾದಿಟ್ಟ ಹಿಟ್ಟಿನ ಹಾಗೆ ಮೆತ್ತಗಿತ್ತು.

"ಹಾಗಾದ್ರೆ ಆಡೋವಾಗೆಲ್ಲ ಕಟ್ಕೊಂಡೇ ಆಡ್ತೀನಿ," ಅಂದಳು ವಿಯಾ. "ಆಗಸ್ಟ್‌ನ ಊರೂರ ಪಂದ್ಯ ಒಂದು ಮುಗೀಲಿ."

ಅದೂ ಆಗುವ ಮಾತಾಗಿರಲಿಲ್ಲ. ಮರುದಿನ ಪರೀಕ್ಷೆ ಮಾಡಿದೆ. ಬಟ್ಟೆ ಕಟ್ಟಿಸಿ, ಒಂದಾದ ಮೇಲೊಂದು ಚೆಂಡು ಎಸೆದೆ. ಹತ್ತಾರು ಒದೆಗಳಾಗುವಷ್ಟರಲ್ಲಿ ಅವಳ ತುಟಿ ಬಿಳಿಚಿತು, ಎದೆ ಅರ್ಧ ಉಸಿರಿನಲ್ಲೇ ಸಿಕ್ಕಿಹಾಕಿಕೊಂಡಿತು. ಬಟ್ಟೆ ಇದ್ದರೆ ಉಸಿರಿಲ್ಲ, ಬಿಟ್ಟರೆ ಕಾಲಿಲ್ಲ. ಅತ್ತ ದರಿ, ಇತ್ತ ಪುಲಿ.

ಅವಳು ಬೇಡ ಬೇಡ ಎನ್ನುತ್ತಿದ್ದರೂ ಕೈಹಿಡಿದು ತೋಕ್ ನಾಬ್ ಹತ್ತಿರ ಕರೆದುಕೊಂಡು ಹೋದೆ. ಮುದುಕಿ ಮಗುವಿನ ತೊಟ್ಟಿಲ ಬಟ್ಟೆ ತೂಗುತ್ತ ಕುಳಿತಿದ್ದಳು. ವಿಷಯ ಕೇಳಿದ್ದೇ ತೂಗುವುದು ನಿಂತಿತು.

"ನಾನು ಕಟ್ಟಿದ್ದು ಗರ್ಭಕ್ಕೆ. ನಿಮ್ಮ ಚೆಂಡಿಗಲ್ಲ," ಅಂದಳು. "ಪೆಟ್ಟಿಗೇಲಿದೆ ಅಂದ್ಕೊಂಡಿದ್ದೆ. ಇವಳು ನೋಡಿದ್ರೆ ಕಂಬ ಸುತ್ತಿ ಸುತ್ತಿ ಮನೇನೇ ಅಲ್ಲಾಡಿಸ್ತಿದ್ದಾಳೆ. ನಮಾಜಿಗೆ ಕೂತಾಗ ಹಲಗೆ ನೆಲ ಕುಣಿಯುತ್ತಲ್ಲ, ಇಲಿ ಅಂದ್ಕೊಂಡೆ."

"ತಪ್ಪಾಯ್ತಮ್ಮ," ಅಂದಳು ವಿಯಾ.

"ತಪ್ಪು ಒಪ್ಪು ಆಮೇಲೆ. ನಿನಗೆ ಆಟ ಬೇಕಾ? ಬೇಡ ಅಂದ್ರೆ ಇವತ್ತೇ ಬಿಚ್ಚಿಬಿಡು, ಹೊಲಿಗೆ ಮೆಷಿನ್‌ಗೆ ಇಷ್ಟು ಹೊಟ್ಟೆ ಸಾಕು."

"ಬೇಕು." ವಿಯಾ ಅತ್ತೆಯ ಮುಂದೆ ಕುಕ್ಕರಿಸಿದಳು. "ಈ ಸಲ ಆ ಜಾಗ ಬಿಟ್ರೆ ಇನ್ನು ಸಿಗಲ್ಲಮ್ಮ. ತಾಯಿಯಾದ್ಲು, ಬಿಟ್ಲು ಅಂತಾರೆ. ಯಾರೂ ಕೆಟ್ಟ ಮನಸ್ಸಿಂದ ಹೇಳಲ್ಲ. ಅದಕ್ಕೇ ನನಗೆ ಭಯ."

ಮುದುಕಿ ಸೊಸೆಯನ್ನು ಹತ್ತಿರಕ್ಕೆ ಎಳೆದುಕೊಂಡಳು. "ಚೆಂಡಿನ ವಿಷಯ ನನಗೇನು ಗೊತ್ತು. ಹೆತ್ತವಳು ಮತ್ತೆ ನೀರಿನ ಕೊಡ ಎತ್ತೋಕೆ ಏನು ಮಾಡ್ಬೇಕೋ ಅಷ್ಟು ಹೇಳಬಲ್ಲೆ. ಒಂದೇ ಸಲ ಬಿಚ್ಚಬೇಡ. ಆಟಕ್ಕೆ ದಿನಾ ಕಟ್ಕೋ, ಶುಕ್ರವಾರಕ್ಕೊಂದು ಸುತ್ತು ಕಮ್ಮಿ ಮಾಡು. ಈಗ ಹೊಕ್ಕುಳ ಕೆಳಗೆ ಕೈ ಇಟ್ಕೊಂಡು ಕೆಮ್ಮು."

ವಿಯಾ ಕೆಮ್ಮಿದಳು. ನಾನೂ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಕೆಮ್ಮಿ ನೋಡಿದೆ. ಒಳಗೆ ಏನೋ ಒಂದು ತಟ್ಟನೆ ಎದ್ದು ನಿಂತಿತು.

"ಅದೇ," ಅಂದಳು ತೋಕ್ ನಾಬ್. "ಅದು ಸತ್ತಿಲ್ಲ. ನಿದ್ದೆ ಮಾಡ್ತಿದೆ. ಕಾಲು ಎತ್ತೋ ಮುಂಚೆ ಅದನ್ನ ಎಬ್ಬಿಸು."

ಆಮೇಲಿನ ವಾರಗಳಲ್ಲಿ ನನಗೆ ಸಿಕ್ಕ ಖುಷಿ ಯಾವ ಪಂದ್ಯದಲ್ಲೂ ಸಿಕ್ಕಿರಲಿಲ್ಲ. ಬೆಳಿಗ್ಗೆ ಬಸ್ಸಿಗೆ ಮುಂಚೆ ವಿಯಾ ನನ್ನ ಅಂಗಡಿಗೆ ಬರುತ್ತಿದ್ದಳು. ಒಂದು ಸಣ್ಣ ಕೆಮ್ಮು ಕೆಮ್ಮಿ, ಎಡಗಾಲ ಮೇಲೆ ನಿಂತು, ಲಕ್ಸಾ ಬಟ್ಟಲು ತೊಳೆದುಕೊಡುತ್ತಿದ್ದಳು. ಗಿರಾಕಿಗಳಿಗೆ ಬಿಟ್ಟಿ ತಮಾಷೆ.

"ಸೋಮ್ ಅಕ್ಕ, ಯಾವಾಗಿಂದ ಕೊಕ್ಕರೆ ಸಾಕ್ತಿದ್ದೀರಾ?" ಅಂದ ಟ್ರ್ಯಾಕ್ಟರ್ ಓಡಿಸುವವನು.

"ಮೀನು ಕದಿಯೋರ ಕಣ್ಣು ಕುಕ್ಕೋಕೆ," ಅಂದೆ. "ನಿನ್ನ ಬಟ್ಟಲಲ್ಲಿ ಎಷ್ಟಿದೆ ನೋಡ್ಕೋ."

"ಅದಕ್ಕೆ ಕೆಮ್ಮು ಬೇರೆ ಇದೆ, ಡಾಕ್ಟರಿಗೆ ತೋರಿಸಿ."

ಸಂಜೆ ನಾನು ಮರಳು ನೋಡುವುದು ನಡೆದೇ ಇತ್ತು. ಪ್ರತಿ ಶುಕ್ರವಾರ ಒಂದು ಸುತ್ತು ಕಡಿಮೆಯಾದ ಕೂಡಲೇ ಗುರುತು ಮತ್ತೆ ಹರಡುತ್ತಿತ್ತು. ಗುರುವಾರ ಬರುವಷ್ಟರಲ್ಲಿ ಕೂಡಿಕೊಳ್ಳುತ್ತಿತ್ತು. ಬಟ್ಟೆ ಬಿಟ್ಟುಕೊಟ್ಟ ಜಾಗಕ್ಕೆ ಹೊಟ್ಟೆ ಮೆಲ್ಲಗೆ ಬಂದು ಕುಳಿತುಕೊಳ್ಳುತ್ತಿತ್ತು. ಗದ್ದೆಗೆ ನೀರು ಹಾಯುವುದನ್ನು ನೋಡುತ್ತ ಕೂರುವವರ ಹಾಗೆ ನಾನು ನೋಡುತ್ತ ಕೂರುತ್ತಿದ್ದೆ. ನಾವು ಹೆಚ್ಚೇನೂ ಹೇಳದೆಯೇ ವಿಷಯ ತಿಳಿದುಕೊಂಡ ಮುರ್ನಿಯ ಬಾಯಿ ಕೂಡ ಸ್ವಲ್ಪ ಮೆತ್ತಗಾಯಿತು. ಪಂದ್ಯಕ್ಕೆ ಹಿಂದಿನ ವಾರ ಕೊನೆಯ ಸುತ್ತೂ ಹೋಯಿತು.

ಪಂದ್ಯ ಕಡಲ ದಂಡೆಯ ಶಾಲೆಯ ಮೈದಾನದಲ್ಲಿ. ಗಟ್ಟಿನೆಲಕ್ಕೆ ಅವರೂ ನಮ್ಮ ಹಾಗೆಯೇ ಮರಳು ಹರಡಿದ್ದರು. ಬಸ್ಸಿನಲ್ಲಿ ವಿಯಾ ನನ್ನ ಪಕ್ಕದಲ್ಲಿ ಕೂತು, "ಅಕ್ಕಾ, ಒಂದೇ ಆಟದಲ್ಲಿ ಮೂರು ಸಲ ಕಾಲು ಎದ್ರೆ ನಾನೇ ಹೊರಗೆ ಬರ್ತೀನಿ. ಸಫುರಾನ ಇಳಿಸು. ನೀನು ಬಾಯಿಬಿಟ್ಟು ಹೇಳೋದು ಬೇಡ," ಅಂದಳು. ನಾನು ಹೂಂ ಅಂದೆ. ಹಿಂದಿನ ಸೀಟಿನಲ್ಲಿ ತೋಕ್ ನಾಬ್ ಮಗುವನ್ನು ಎತ್ತಿಕೊಂಡು ಕೂತಿದ್ದಳು. ಅವಳ ಚೀಲದಲ್ಲಿ ಆ ಬಟ್ಟೆ ಇತ್ತು. "ಸುಮ್ನೆ ಜೊತೇಲಿರಲಿ," ಎಂದು ವಿಯಾಳೇ ಹಾಕಿಸಿದ್ದಳು.

ಎದುರಿನವರು ಮೀನುಗಾರರ ಹಳ್ಳಿಯ ಹೆಂಗಸರು. ಕಾಲೂ ಗಟ್ಟಿ, ನಾಲಿಗೆಯೂ ಗಟ್ಟಿ. ಮೊದಲ ಆಟ ನಾವು ಗೆದ್ದೆವು, ಎರಡನೆಯದು ಅವರು. ಮೂರನೆಯದರಲ್ಲಿ ಸರಿಸಮ ಹೋಗುತ್ತಿದ್ದಾಗ ತೋಕ್ ನಾಬ್ ಕೈಯಲ್ಲಿದ್ದ ಮಗು ಕಿರುಚಲು ಶುರುಮಾಡಿತು.

"ಮಗು ಕರೀತಿದೆ, ಮನೆಗೆ ಹೋಗಮ್ಮ," ಅಂದಳು ಬಲೆಯ ಆಚೆಯಿಂದ ಒಬ್ಬಳು.

ವಿಯಾಳ ಕಣ್ಣು ಆ ಕಡೆ ಹೋಯಿತು. ಕೆಮ್ಮುವುದು ಮರೆಯಿತು. ನಾನು ಎಸೆದೆ, ಅವಳ ಕಾಲು ಎದ್ದಿತು, ತೀರ್ಪುಗಾರ ಕೈ ಎತ್ತಿದ. ಮುಂದಿನ ಸರದಿಯಲ್ಲಿ ಮತ್ತೆ ಅದೇ. ಬೆಂಚಿನಲ್ಲಿ ಸಫುರಾ ಬೂಟಿನ ಲೇಸು ಕಟ್ಟಿಕೊಳ್ಳಲಿಲ್ಲ, ಬೇಕೆಂದೇ ಬೇರೆ ಕಡೆ ನೋಡುತ್ತಿದ್ದಳು. ನಾನು ಒಂದು ನಿಮಿಷ ಬಿಡುವು ಕೇಳಿದೆ.

ವಿಯಾ ನನ್ನ ಹತ್ತಿರ ನಿಲ್ಲದೆ ಸೀದಾ ಮರದ ಕೆಳಗೆ ಓಡಿದಳು. ನಾನೂ ಹಿಂದೆ ಹೋದೆ.

"ಅಮ್ಮಾ, ಬಟ್ಟೆ ಕೊಡಿ. ಎರಡು ಸುತ್ತು ಸಾಕು."

ತೋಕ್ ನಾಬ್ ತುಟಿಯ ಮೇಲೆ ಬೆರಳಿಟ್ಟಳು. ಮಗುವಿನ ಅಳು ನಿಂತಿದ್ದು ನನಗೆ ಆಗ ಗಮನಕ್ಕೆ ಬಂತು. ಮುದುಕಿ ಆ ಉದ್ದನೆಯ ಬಟ್ಟೆಯಿಂದಲೇ ಮಗುವನ್ನು ತನ್ನ ಎದೆಗೆ ಸುತ್ತಿ ಕಟ್ಟಿಕೊಂಡಿದ್ದಳು. ಮಗು ಬಾಯಿ ತೆರೆದು ನಿದ್ದೆಹೋಗಿತ್ತು.

"ಬೇಕಾದ್ರೆ ಬಿಚ್ಚಿ ಕೊಡ್ತೀನಿ," ಅಂದಳು ಮೆಲ್ಲಗೆ. "ಏಳುತ್ತೆ, ಅಷ್ಟೇ."

ವಿಯಾ ಬಟ್ಟೆಯನ್ನು ನೋಡಿದಳು, ಮಗುವನ್ನು ನೋಡಿದಳು. ಗಂಟಿನ ತನಕ ಹೋದ ಅವಳ ಕೈ ಅಲ್ಲೇ ನಿಂತಿತು. ತೀರ್ಪುಗಾರ ಸೀಟಿ ಊದಿದ. ವಿಯಾ ಮಗುವಿನ ಕುಲಾವಿಯನ್ನು ಕಿವಿಯ ಮೇಲಕ್ಕೆ ಎಳೆದು ಸರಿಮಾಡಿ, "ಮಲಗಲಿ ಬಿಡಿ," ಅಂದು ಅಂಗಳಕ್ಕೆ ನಡೆದಳು.

ಸರದಿ ಬಂದಾಗ ವೃತ್ತದೊಳಗೆ ಎಡಗಾಲು ಊರಿದಳು. ನಾನು ಚೆಂಡು ಹಿಡಿದು ಕಾದೆ. ಅವಳು ತಲೆಯಾಡಿಸಲಿಲ್ಲ. ಎದುರಿನವರು ಏನೋ ಅಂದರು, ಆಗಲೂ ಆಡಿಸಲಿಲ್ಲ. ಆಮೇಲೆ ನನಗೊಬ್ಬಳಿಗೇ ಕೇಳುವಷ್ಟು ಸಣ್ಣ ಕೆಮ್ಮು ಕೇಳಿಸಿತು. ತಲೆ ಅಲುಗಿತು. ಎಸೆದೆ.

ನಾನು ಆ ಒದೆಯನ್ನು ನೋಡಲಿಲ್ಲ. ಚೆಂಡು ಎದುರು ಮೂಲೆಗೆ ಹೋಗಿ ಬಿತ್ತು, ಯಾರ ಕಾಲಿಗೂ ಸಿಗಲಿಲ್ಲ ಎಂದು ಮುರ್ನಿ ಕೂಗಿದ್ದು ಕೇಳಿತು. ನಾನು ನೋಡುತ್ತಿದ್ದದ್ದು ಮರಳನ್ನು. ಊರಿದ ಕಾಲು ಊರಿದಲ್ಲೇ ಇತ್ತು.

ಆ ಪಂದ್ಯ ಗೆದ್ದೆವು. ಮಧ್ಯಾಹ್ನ ಪೇಟೆಯ ತಂಡ ನಮ್ಮನ್ನು ಹಿಟ್ಟು ಕುಟ್ಟಿದ ಹಾಗೆ ಕುಟ್ಟಿ ಕಳಿಸಿತು. ಅದನ್ನು ವಿವರಿಸುವ ಆಸೆ ನನಗಿಲ್ಲ. ಸೋತ ಆ ಪಂದ್ಯದಲ್ಲೂ ವಿಯಾಳ ಕಾಲು ಒಂದು ಸಲವೂ ಏಳಲಿಲ್ಲ.

ಬಸ್ಸಿಗೆ ಕಾಯುವಾಗ ನಾನು ತೋಕ್ ನಾಬ್ ಪಕ್ಕ ಕೂತು, "ಬೇಕು ಅಂತಾನೇ ಮಗೂನ ಆ ಬಟ್ಟೇಲಿ ಕಟ್ಟಿದ್ರಾ?" ಎಂದು ಕೇಳಿದೆ.

"ನನ್ನ ತೋಳು ನೋಯ್ತಿತ್ತು," ಅಂದಳು ಮುದುಕಿ.

ಅಷ್ಟರಲ್ಲಿ ಮಗು ಎದ್ದು ಅತ್ತಿತು. ವಿಯಾ ಬಂದು, ಅತ್ತೆಯ ಗಂಟು ಬಿಚ್ಚಿ, ಬಟ್ಟೆಯನ್ನು ಚೀಲಕ್ಕೆ ತುರುಕಿ, ಮಗುವನ್ನು ಸೊಂಟದ ಮೇಲೆ ಕೂರಿಸಿಕೊಂಡಳು. ಬಲಗಾಲಿನ ಬೂಟಿನಲ್ಲಿ ಮರಳು ಸೇರಿತ್ತೇನೋ, ಆ ಕಾಲನ್ನು ಮಡಿಚಿ ಎತ್ತಿ, ಒಂದೇ ಕೈಯಲ್ಲಿ ಬೂಟು ಕಳಚಿ, ಮರಳು ಕೊಡವುತ್ತ ಮುರ್ನಿಯ ಜೊತೆ ಮಾತಾಡತೊಡಗಿದಳು. ಮಗು ಅವಳ ತಲೆವಸ್ತ್ರ ಹಿಡಿದು ಜಗ್ಗಾಡುತ್ತಿತ್ತು. ಅವಳು ಯಾವುದಕ್ಕೂ ಒರಗಿರಲಿಲ್ಲ, ಯಾವುದನ್ನೂ ಹಿಡಿದಿರಲಿಲ್ಲ, ಕೆಮ್ಮಿಯೂ ಇರಲಿಲ್ಲ. ತಾನು ಒಂಟಿ ಕಾಲಲ್ಲಿ ನಿಂತಿದ್ದೇನೆ ಎನ್ನುವುದೇ ಅವಳಿಗೆ ಗೊತ್ತಿರಲಿಲ್ಲ.

ಮಾತು ನನ್ನ ನಾಲಿಗೆ ತುದಿಗೆ ಬಂದಿತ್ತು. ಹೇಳಿದರೆ ಎಲ್ಲಿ ಬಿದ್ದುಬಿಡುತ್ತಾಳೋ ಎಂದು ಸುಮ್ಮನಾದೆ.